ಕತ್ತರಿ ಮೇಜಿನ ಮೇಲೆ ಎಂಜಿನ್

ತನ್ನ ಅಳಿಯ ಕೆಡಿಸಿದ ಸಿಲಿಂಡರನ್ನು ಗ್ಯಾರೇಜಿನ ಯಜಮಾನ ಅವಳ ತಲೆಗೆ ಕಟ್ಟಿದ. ಮಾರನೆಯ ದಿನ ಸಿಲಿಂಡರ್ ಕೊರೆಯುವ ಬೋರಿಂಗ್ ಮಷೀನಿನ ಮುಂದಿನಿಂದ ಅವಳನ್ನು ಎಬ್ಬಿಸಿ, ಬಿಡಿಭಾಗ ತೊಳೆಯುವ ಸೀಮೆಎಣ್ಣೆ ತೊಟ್ಟಿಯ ಹತ್ತಿರ ಕೂರಿಸಿದ. ಅವಳ ಸ್ಟೂಲಿನ ಮೇಲೆ ಅಳಿಯ ಕೂತ.

ಈಗ ಆ ಸಿಲಿಂಡರು ಅವಳ ಅತ್ತೆ ಬಟ್ಟೆ ಕತ್ತರಿಸುವ ಮೇಜಿನ ಮೇಲಿತ್ತು. ಭಾನುವಾರದ ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಅದರ ಹೊಟ್ಟೆಯೊಳಕ್ಕೆ ಬಿದ್ದು ಒಳಗೋಡೆಯ ಸಣ್ಣ ಓರೆಗೆರೆಗಳನ್ನು ಬೆಳಗುತ್ತಿತ್ತು. ಸಂಜೆ ಕೆಲಸದಿಂದ ಬಂದು, ಕೈಡ್ರಿಲ್ಲಿಗೆ ಸಾಣೆಕಲ್ಲು ಸಿಕ್ಕಿಸಿ, ಮೇಲಕ್ಕೂ ಕೆಳಕ್ಕೂ ಒಂದೇ ಹದದಲ್ಲಿ ಆಡಿಸಿ ಅವಳು ಎಳೆದ ಗೆರೆಗಳು. ಆ ಗೆರೆಗಳಿದ್ದರೇ ಗೋಡೆಗೆ ಎಣ್ಣೆ ಅಂಟಿ ನಿಲ್ಲುವುದು.

ಅತ್ತೆ ಕನ್ನಡಕ ಏರಿಸಿಕೊಂಡು ಇಣುಕಿದರು. "ಅಯ್ಯೋ, ಇದು ಓರೆ ನೇಯ್ಗೆ ಕಣೇ! ಪ್ಯಾಂಟಿನ ಬಟ್ಟೇಲಿ ಬರತ್ತಲ್ಲ, ಅದೇ. ಕಬ್ಬಿಣದಲ್ಲೂ ನೇಯ್ತಾರೆ ಅಂತ ಇವತ್ತೇ ಗೊತ್ತಾಗಿದ್ದು."

"ಬೆರಳು ಹಾಕಬೇಡಿ ಅತ್ತೆ. ಒರೆಸಿ ಇಟ್ಟಿದೀನಿ."

"ಹಾಕಲ್ಲ ಮಾರಾಯ್ತಿ. ನಿನ್ನ ಸಿಲಿಂಡರಿಗೆ ದೃಷ್ಟಿ ತಾಗದಿದ್ರೆ ಸಾಕು."

ಗ್ಯಾರೇಜಿನಲ್ಲಿ ಅವಳನ್ನು ಎಲ್ಲರೂ ಕೂದಲೆಳೆ ಎಂದೇ ಕರೆಯುತ್ತಿದ್ದರು. ಯಾವ ಸಿಲಿಂಡರು ಕೊಟ್ಟರೂ ಒಳಗೆ ಬೆರಳಾಡಿಸಿ, "ಇನ್ನೊಂದು ಕೂದಲೆಳೆ ತೆಗೀಬೇಕು" ಅನ್ನುವುದು ಅವಳ ಅಭ್ಯಾಸ. ಅಳತೆಯ ಉಪಕರಣ ಹಾಕಿ ನೋಡಿದವರು ಅವಳೇ ಸರಿ ಎಂದು ಒಪ್ಪುತ್ತಿದ್ದರು. ಅಳಿಯನಿಗೆ ಅಷ್ಟು ವ್ಯವಧಾನವಿರಲಿಲ್ಲ. ವಕೀಲರ ಹಳೇ ಬೈಕಿನ ಸಿಲಿಂಡರನ್ನು ಮಷೀನಿಗೆ ಕಟ್ಟಿ, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ನಗುತ್ತ ನಗುತ್ತ ಕೊನೆಯ ಸುತ್ತನ್ನು ಆಳಕ್ಕೆ ಇಳಿಸಿಬಿಟ್ಟ. ಆ ಬೈಕಿಗೆ ಸಿಗುವ ಅತಿ ದೊಡ್ಡ ಪಿಸ್ಟನ್ನನ್ನು ಹಾಕಿ ನೋಡಿದರೆ ಅದು ಗಂಟೆಯೊಳಗಿನ ನಾಲಗೆಯ ಹಾಗೆ ಲೊಟಲೊಟ ಬಡಿಯಿತು. "ನಾನಲ್ಲ" ಎಂದು ಅವಳು ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಜಮಾನ ಸಿಲಿಂಡರನ್ನು ಅವಳ ಕಡೆ ಉರುಳಿಸಿ, "ಮನೆಗೆ ತಗೊಂಡ್ಹೋಗು. ಬಾಗಿಲಿಗೆ ಒತ್ತು ಕೊಡೋಕಾದ್ರೂ ಆಗತ್ತೆ" ಎಂದ. ಗ್ಯಾರೇಜೆಲ್ಲ ನಕ್ಕಿತು.

ಅವಳು ನಿಜಕ್ಕೂ ತಂದು ಬಾಗಿಲಿಗೆ ಒತ್ತು ಕೊಟ್ಟಳು. ಬಾಗಿಲು ದಾಟುವಾಗಲೆಲ್ಲ ಅದು ಕಾಲಿಗೆ ತಾಗುತ್ತಿತ್ತು. ಹಾಗಿರುವಾಗ ಒಂದು ಮಧ್ಯಾಹ್ನ, ಸೀಮೆಎಣ್ಣೆ ತೊಟ್ಟಿಯಲ್ಲಿ ಕೈ ಮುಳುಗಿಸಿ ಯಾವುದೋ ಗೂಡ್ಸ್ ಆಟೋದ ಪಿಸ್ಟನ್ ತಿಕ್ಕುತ್ತಿದ್ದವಳ ಕೈ ಹಾಗೇ ನಿಂತುಬಿಟ್ಟಿತು. ಕಪ್ಪು ಎಣ್ಣೆಯಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಅಂಗೈಗೆ ಆ ದಪ್ಪ ಗೊತ್ತಾಯಿತು. ದಿನಾ ಕಾಲಿಗೆ ತಾಗುವ ಆ ಬಾಯಿಗೆ ಇದು ಕೂರುತ್ತದೆ. ಇನ್ನೊಂದು ಕೂದಲೆಳೆ ತೆಗೆದರೆ ಸಾಕು.

ಮನೆಯ ಪಡಸಾಲೆಯಲ್ಲಿ ಮಾವನ ಬೈಕು ಹಳೇ ಚಾದರ ಹೊದ್ದು ನಿಂತಿತ್ತು. ವಕೀಲರದೂ ಅದೇ ಜಾತಿಯದು. ಮಾವ ಹೋದ ಮೇಲೆ ಅತ್ತೆ ಅದನ್ನು ಮುಟ್ಟಲು ಮಗನಿಗೂ ಬಿಟ್ಟಿರಲಿಲ್ಲ. ಸೊಸೆ ಬಂದು ವಿಷಯ ಹೇಳಿದಾಗ ಬಾಯಲ್ಲಿದ್ದ ದಾರವನ್ನು ಕಡಿದು, "ಬಿಚ್ಚು. ಸೂಜಿ ನಿಂತಿದ್ರೆ ತುಕ್ಕು ಹಿಡಿಯತ್ತೆ" ಎಂದಿದ್ದರು. ಅಷ್ಟೇ. ಆಮೇಲೆ ಮೇಜಿನ ಮೇಲಿನ ರವಿಕೆ, ಲಂಗಗಳೆಲ್ಲ ಮಂಚಕ್ಕೆ ವರ್ಗವಾದವು.

ಎಂಜಿನ್ನಿನ ಕೆಳಭಾಗ ಆಗಲೇ ಸಿದ್ಧವಾಗಿತ್ತು. ಅದರ ಮೇಲೆ ಸಿಲಿಂಡರು ಕೂರುವ ಮೊದಲು ನಡುವೆ ದಪ್ಪ ಕಾಗದದ ಪ್ಯಾಕಿಂಗ್ ಬೇಕು. ಅದನ್ನು ಕತ್ತರಿಸುವುದು ಅತ್ತೆಯ ಪಾಲಿಗೆ ಬಂದಿತ್ತು. ಕಾಗದವನ್ನು ಅಂಚಿಗೆ ಒತ್ತಿ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು, ನಾಲಗೆ ತುದಿಯನ್ನು ತುಟಿಗೆ ತಂದು, ಎಡವದೆ ಕತ್ತರಿಸಿ ಕೊಟ್ಟರು. ಅವಳು ಇಟ್ಟು ನೋಡಿದಳು. ಒಳಗೂ ಹೊರಗೂ ಸುತ್ತ ಹೆಚ್ಚಾಗಿ ಚಾಚಿಕೊಂಡಿತ್ತು.

"ಅತ್ತೆ, ಇದೇನು?"

"ಹೊಲಿಗೆಗೆ ಬಿಟ್ಟಿದೀನಿ."

"ಇದನ್ನ ಹೊಲಿಯಲ್ಲ!"

"ಒಗೆದ ಮೇಲೆ ಕುಗ್ಗಿದ್ರೆ?"

"ಇದನ್ನ ಒಗೆಯೋದೂ ಇಲ್ಲ ಅತ್ತೆ." ನಗು ತಡೆದುಕೊಂಡು ಅವಳು ಒಂದು ಮೂಲೆ ತೋರಿಸಿದಳು. "ಇಲ್ಲಿ ನೋಡಿ. ಈ ಸಣ್ಣ ತೂತಲ್ಲೇ ಎಣ್ಣೆ ಮೇಲಕ್ಕೆ ಹೋಗೋದು. ನೀವು ಬಿಟ್ಟಿರೋ ಕಾಗದ ಇದನ್ನ ಮುಚ್ಚಿಬಿಟ್ಟಿದೆ. ಹೀಗೇ ಕೂರಿಸಿದ್ರೆ ಎಂಜಿನ್ನಿನ ತಲೆ ಸುಟ್ಟು ಹೋಗ್ತಿತ್ತು."

ಅತ್ತೆ ಬಗ್ಗಿ ನೋಡಿದರು. "ಹೌದಲ್ಲ. ಕೆಡಿಸಿದ್ದು ನಾನೇ. ಕೊಡು ಇಲ್ಲಿ." ಕಾಗದವನ್ನು ಕಸಿದು ಎರಡು ತುಂಡು ಮಾಡಿ, ಇನ್ನೊಂದನ್ನು ಗುರುತು ಮಾಡಲು ಕೂತರು. ತಪ್ಪು ಒಪ್ಪಿಕೊಳ್ಳಲು ಅಷ್ಟೇ ಹೊತ್ತು ಹಿಡಿಯಿತು. ಅವಳು ಮಾತ್ರ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ, ಅತ್ತೆಯ ನೆತ್ತಿಯ ಬಿಳಿ ಬೈತಲೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದಳು.

ಅಂಗಡಿಯಲ್ಲಿ ಕೊಂಡು ತಂದಿದ್ದ ಗೂಡ್ಸ್ ಆಟೋ ಪಿಸ್ಟನ್ನನ್ನು ಕೆಳಗಿನ ರಾಡಿಗೆ ಸೇರಿಸಿದ್ದಾಯಿತು. ಚಿಕ್ಕ ಲಾಕು ಜಾರಿ ಎಂಜಿನ್ನಿನ ಹೊಟ್ಟೆಗೆ ಬೀಳದಂತೆ ಕೆಳಗೆ ತುರುಕಿದ್ದ ಬಟ್ಟೆಯನ್ನು ಎಳೆದು ತೆಗೆದಳು. ಪಿಸ್ಟನ್ನಿಗೆ ತೊಡಿಸಿದ ರಿಂಗುಗಳ ಬಾಯಿ ಒಂದೇ ಸಾಲಿಗೆ ಬರದಂತೆ ಒಂದೊಂದನ್ನೂ ಒಂದೊಂದು ದಿಕ್ಕಿಗೆ ತಿರುಗಿಸಿದಳು. ಆಮೇಲೆ ಸಿಲಿಂಡರನ್ನು ಎರಡೂ ಕೈಯಲ್ಲಿ ಎತ್ತಿ ಪಿಸ್ಟನ್ನಿನ ಮೇಲೆ ಹಿಡಿದಳು.

"ಈಗ ನೀವು ಅತ್ತೆ. ರಿಂಗನ್ನ ಎರಡೂ ಕಡೆಯಿಂದ ಒಳಕ್ಕೆ ಒತ್ತಬೇಕು. ಜೋರು ಮಾಡಿದ್ರೆ ಮುರಿಯತ್ತೆ."

"ತೋಳಿಗೆ ನೆರಿಗೆ ಕೂಡಿಸಿದ ಹಾಗೆ ತಾನೆ? ಸುಮ್ನಿರು." ಸೂಜಿ ಚುಚ್ಚಿ ಒರಟಾದ ಆ ಹಳೇ ಬೆರಳುಗಳು ರಿಂಗಿನ ಸುತ್ತ ಮೆಲ್ಲಗೆ ನಡೆದವು. ಒಂದು ಒಳಹೋಯಿತು. ಇನ್ನೊಂದು. ಕೊನೆಯದು ಸ್ವಲ್ಪ ಹಟ ಮಾಡಿ, ಉಗುರಿನ ತುದಿಗೆ ಸೋತು ಜಾರಿತು. ಅವಳು ಕೈ ಸಡಿಲಿಸಿದಳು. ಸಿಲಿಂಡರು ತನ್ನ ಭಾರಕ್ಕೆ ತಾನೇ ಇಳಿಯತೊಡಗಿತು. ಅವಸರವಿಲ್ಲ, ತಡೆಯಿಲ್ಲ, ನೀರು ತುಂಬಿದ ಕೊಡ ಬಾವಿಯಲ್ಲಿ ಮುಳುಗುವ ಹಾಗೆ. ಕಾಗದದ ಮೇಲೆ ಕೂತಾಗ ಆದ ಸದ್ದು ನಿಟ್ಟುಸಿರಿಗಿಂತ ದೊಡ್ಡದಿರಲಿಲ್ಲ.

ತಲೆಭಾಗ ಕೂರಿಸಿ ನಟ್ಟುಗಳನ್ನು ಅಡ್ಡಡ್ಡಕ್ಕೆ ಬಿಗಿದ ಮೇಲೆ ಅವಳು ಅತ್ತೆಯ ಕೈ ಹಿಡಿದು ಸ್ಪಾರ್ಕ್ ಪ್ಲಗ್ಗಿನ ತೂತಿನ ಮೇಲೆ ಇಟ್ಟಳು. ಕೆಳಗಿನ ಚಕ್ರವನ್ನು ಕೈಯಲ್ಲೇ ತಿರುಗಿಸಿದಳು. ಒಳಗೆಲ್ಲೋ ಪಿಸ್ಟನ್ ಏಳುವುದು ಮೇಜಿಗೂ ತಿಳಿಯಿತು. ಇದ್ದಕ್ಕಿದ್ದಂತೆ ಅತ್ತೆಯ ಅಂಗೈಯನ್ನು ಏನೋ ಎತ್ತಿ ಹಾಕಿತು.

"ಅಮ್ಮಾ!" ಕೈ ಹಿಂದಕ್ಕೆ ತೆಗೆದ ಅತ್ತೆ ಅದನ್ನು ಎದೆಗೆ ಒತ್ತಿಕೊಂಡರು. ಮತ್ತೆ ತಾವಾಗೇ ತೂತಿನ ಮೇಲೆ ಇಟ್ಟರು. "ಇನ್ನೊಂದ್ಸಲ ತಿರುಗಿಸೇ. ಉಸಿರಾಡ್ತಾ ಇದೆ ಇದು." ಅವರ ಕಣ್ಣು ಕನ್ನಡಕದ ಹಿಂದೆ ಅಷ್ಟಗಲವಾಗಿತ್ತು.

ಊಟದ ಹೊತ್ತಿಗೆ ಗಂಡ ಬಂದ. ಸಿಟಿ ಬಸ್ಸಿನ ಚಾಲಕ. ಬೆಳಗಿನ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬಾಗಿಲಲ್ಲಿ ನಿಂತು ನೋಡಿದ. "ಗ್ಯಾರೇಜಲ್ಲಿ ತೊಳೆಯೋ ಕೆಲಸ, ಮನೇಲಿ ಕಟ್ಟೋ ಕೆಲಸ. ಅಡುಗೆ ಕೆಲಸ ಯಾರದು?"

"ನಿಂದು," ಅಂದರು ಅವನ ತಾಯಿ. "ಮೊದಲು ಎತ್ತೋಕೆ ಬಾ."

ಚಾದರವನ್ನು ಜೋಲಿ ಮಾಡಿ ಎಂಜಿನ್ನನ್ನು ಪಡಸಾಲೆಗೆ ಹೊತ್ತು, ಬೈಕಿನ ಚೌಕಟ್ಟಿಗೆ ಏರಿಸುವಷ್ಟರಲ್ಲಿ ಮೂವರ ಬೆನ್ನೂ ನೀರಾಗಿತ್ತು. ತಂತಿ, ಪೈಪು, ಪೆಟ್ರೋಲು ಎಲ್ಲ ಸೇರಿಸಿದ ಮೇಲೆ ಗಂಡ ಅಂಗಿಯ ತೋಳು ಮಡಚಿ, ತನ್ನ ಹಕ್ಕೆಂಬಂತೆ ಕಿಕ್ ಮೇಲೆ ಕಾಲಿಟ್ಟು ತುಳಿದ. ಕಿಕ್ ಅವನನ್ನೇ ತಿರುಗಿ ಗೋಡೆಗೆ ಒದ್ದಿತು.

"ಒದೀತಲ್ಲೇ ಇದು! ಅಪ್ಪನ ಕಾಲದಲ್ಲಿ ಹೀಗಿರ್ಲಿಲ್ಲ!"

"ಆಗ ಇಷ್ಟು ದೊಡ್ಡ ಹೊಟ್ಟೆ ಇರ್ಲಿಲ್ಲ," ಎಂದು ಅವಳು ಅವನನ್ನು ಸರಿಸಿದಳು.

ಅವಳಿಗೆ ಸಿಲಿಂಡರಿನ ಗೋಡೆಯದೇ ಭಯ. ಅಳಿಯ ಅಷ್ಟು ತಿಂದ ಮೇಲೆ ಉಳಿದದ್ದು ತೆಳು. ಮೊದಲ ಹೊಡೆತಕ್ಕೆ ಸೀಳಿದರೆ ಗ್ಯಾರೇಜು ಇನ್ನೊಮ್ಮೆ ನಗುತ್ತದೆ, ಅವಳೇ ಕೆಡಿಸಿದಳು ಅಂದದ್ದೇ ನಿಜವಾಗುತ್ತದೆ. ಕಿಕ್ಕನ್ನು ಮೆಲ್ಲಗೆ ಒತ್ತಿ ಪಿಸ್ಟನ್ ತುದಿಗೆ ಬರುವುದನ್ನು ಪಾದದಲ್ಲಿ ಕಾದಳು. ತುದಿ ದಾಟಿಸಿದಳು. ಆಮೇಲೆ ಇಡೀ ಮೈಭಾರವನ್ನು ಎತ್ತಿ ಬಿಟ್ಟಳು.

ಧಡ್.

ಒಂದೇ ಹೊಡೆತ. ನಿಂತೇಹೋಯಿತು ಅನ್ನುವಷ್ಟು ಹೊತ್ತು ಬಿಟ್ಟು ಇನ್ನೊಂದು. ಮತ್ತೊಂದು. ಆಮೇಲೆ ಎಣಿಸಲು ಬಾರದ ಹಾಗೆ ಹಿಡಿದುಕೊಂಡಿತು. ಅದು ಕಿವಿಗಿಂತ ಮೊದಲು ಅಂಗಾಲಿಗೆ ಬಂತು, ಪಕ್ಕೆಲುಬಿಗೆ ಬಂತು. ಅಡುಗೆಮನೆಯ ತಟ್ಟೆಗಳು ಕಿಣಿಕಿಣಿ ಅಂದವು. ಮೇಜಿನ ಮೇಲಿನ ಕತ್ತರಿ ತಾನಾಗೇ ತೆವಳತೊಡಗಿತು. ಎದುರು ಮನೆಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಗಂಡ ಎರಡೂ ಕಿವಿ ಮುಚ್ಚಿಕೊಂಡು ನಕ್ಕುಬಿಟ್ಟ. ಅತ್ತೆ ಸೀಟಿನ ಹಿಂಭಾಗಕ್ಕೆ, ತಾವು ಕೂರುತ್ತಿದ್ದ ಜಾಗಕ್ಕೆ, ಕೈಯಿಟ್ಟು ನಡುಗಲು ಬಿಟ್ಟರು. ತನ್ನ ಕೈಯಿಂದಲೇ ಆದದ್ದು ಇದು ಎಂಬುದನ್ನು ನಂಬಲು ಅವಳಿಗೇ ಆಗಲಿಲ್ಲ.

ಹೊಸಿಲಲ್ಲಿ ಯಜಮಾನ ನಿಂತಿದ್ದ. ಯಾವಾಗ ಬಂದನೋ. ಏನೋ ಹೇಳಲೆಂದು ಬಂದವನು ಅದನ್ನು ಬಿಟ್ಟು, ನೆಲದಲ್ಲಿದ್ದ ಉದ್ದನೆಯ ಸ್ಕ್ರೂಡ್ರೈವರ್ ಎತ್ತಿಕೊಂಡು ಕುಕ್ಕರಗಾಲಲ್ಲಿ ಕೂತ. ಅದರ ತುದಿಯನ್ನು ಸಿಲಿಂಡರಿಗೆ ಆನಿಸಿ, ಹಿಡಿಯನ್ನು ಕಿವಿಗೆ ಕೊಟ್ಟು, ಕಣ್ಣು ಮುಚ್ಚಿ ಆಲಿಸಿದ.

"ಪಿಸ್ಟನ್ ಯಾವುದು?"

"ಗೂಡ್ಸ್ ಆಟೋದ್ದು."

ಯಜಮಾನನಿಗೆ ನಗು ಬಂದುಬಿಟ್ಟಿತು. ಕಣ್ಣು ತೆರೆಯುವಷ್ಟರಲ್ಲಿ ಅದನ್ನು ನುಂಗಿದ. "ನೋಡಮ್ಮಾ, ವಕೀಲರು ಗ್ಯಾರೇಜಲ್ಲಿ ಕೂತಿದಾರೆ. ಅವರ ಸಿಲಿಂಡರ್ ನೀನು ಕೆಡಿಸಿದೆ ಅಂದ್ರೆ ನಂಬ್ತಾನೇ ಇಲ್ಲ ಮನುಷ್ಯ. ನಿನ್ನ ಬಾಯಿಂದಲೇ ಕೇಳಬೇಕಂತೆ. ಬಂದು ಒಂದು ಮಾತು ಹೇಳಿಬಿಡು, ಕೈ ಜಾರ್ತು ಅಂತ. ನಾಳೆಯಿಂದ ಮಷೀನು ನಿಂದೇ."

ಎಂಜಿನ್ನು ಬಡಿಯುತ್ತಿತ್ತು. ಮಷೀನಿನ ಹಿಡಿ, ಅದರ ತಣ್ಣಗಿನ ನುಣುಪು, ಕೊರೆಯುವ ಕಟ್ಟರಿನಿಂದ ಸಣ್ಣಗೆ ಉದುರುವ ಲೋಹದ ಹುಡಿ, ಎಲ್ಲ ಅವಳ ಅಂಗೈಗೆ ಒಮ್ಮೆಲೇ ಬಂದವು. ತೊಟ್ಟಿಯ ಸೀಮೆಎಣ್ಣೆಗೆ ಒಡೆದ ಬೆರಳುಗಳನ್ನು ಅವಳು ಮಡಚಿಕೊಂಡಳು.

"ಅಳಿಯಂದಿರು ಹೇಳಬಹುದಲ್ಲ, ಯಜಮಾನ್ರೇ?"

"ಅವನು ಮನೆ ಹುಡುಗ ಕಣಮ್ಮಾ, ನಾಳೆ ಗಲ್ಲಾಪೆಟ್ಟಿಗೆ ಮುಂದೆ ಕೂರೋನು. ಹೆಸರು ಕೆಟ್ರೆ ಹೇಗೆ?" ಯಜಮಾನ ಇನ್ನೂ ಹತ್ತಿರ ಬಗ್ಗಿದ. "ಕೆಡಿಸಿದ್ದೂ ನೀನೇ, ಅದರಲ್ಲೇ ಎಂಜಿನ್ ಕಟ್ಟಿದ್ದೂ ನೀನೇ ಅಂತ ನಾನೇ ಊರಿಗೆಲ್ಲ ಹೇಳ್ತೀನಿ. ಇನ್ನೇನು ಬೇಕು ನಿಂಗೆ?"

"ಹೋಗಿ ಅಂದು ಬಂದ್ಬಿಡೇ," ಗಂಡ ಅವಳ ಕಿವಿಯ ಹತ್ತಿರ ಬಗ್ಗಿ ಅಂದ. "ಒಂದು ಮಾತು. ಆ ತೊಟ್ಟಿ ತಪ್ಪತ್ತೆ."

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಸೀಟಿನಿಂದ ಕೈ ತೆಗೆದು, ಒಳಗೆ ಹೋಗಿ, ಮೇಜಿನ ಅಂಚಿಗೆ ಬಂದಿದ್ದ ಕತ್ತರಿಯನ್ನು ಎತ್ತಿ ನಡುವಿಗೆ ಇಟ್ಟು ಬಂದರು. ನೆಲದ ಮೇಲೆ, ಎರಡು ತುಂಡಾದ ದಪ್ಪ ಕಾಗದ ಹಾಗೇ ಬಿದ್ದಿತ್ತು.

"ಮೊದಲು ಇದನ್ನ ಆರಿಸು," ಯಜಮಾನ ಎದ್ದು ನಿಂತ. "ತಲೆ ಚಿಟ್ಟು ಹಿಡಿಯತ್ತೆ. ಆರಿಸಿ ನನ್ನ ಗಾಡಿ ಹತ್ತು, ಹೋಗೋಣ." ತಾನೇ ಕೀಲಿಗೆ ಕೈ ಚಾಚಿದ. ಅಲ್ಲಿ ಅವಳ ಕೈ ಮೊದಲೇ ಇತ್ತು.

"ಆರಿಸಲ್ಲ."

"ಏನಂದೆ?"

"ಆರಿಸಲ್ಲ, ಯಜಮಾನ್ರೇ. ಬರೋದೂ ಇಲ್ಲ. ನನ್ನ ಕೈ ಜಾರಿಲ್ಲ."

ಯಜಮಾನ ಇನ್ನೂ ಏನೋ ಹೇಳುತ್ತಿದ್ದ. ಬಡಿತದಲ್ಲಿ ಮಾತು ಕೇಳಿಸದೆ ಅವನ ತುಟಿ ಆಡುವುದು ಮಾತ್ರ ಕಾಣುತ್ತಿತ್ತು. ಅವಳು ಬೈಕಿನ ಪಕ್ಕ ಮಂಡಿಯೂರಿ, ಇನ್ನೊಂದು ಕೈಯನ್ನು ಸಿಲಿಂಡರಿನ ಹತ್ತಿರ ಒಯ್ದು, ಮುಟ್ಟದೆ, ಸುತ್ತ ಒಮ್ಮೆ ಆಡಿಸಿದಳು. ಎಲ್ಲೂ ಸೀಳದ ಆ ತೆಳುಗೋಡೆಯಿಂದ ಶಾಖ ಎಲ್ಲ ಕಡೆಯೂ ಒಂದೇ ಸಮನಾಗಿ ಬರುತ್ತಿತ್ತು.