ಹದಿಮೂರನೆಯ ಮುಖ

ಹನ್ನೆರಡು ಮುಖಗಳಿಗೆ ನೂಕುನುಗ್ಗಲು, ಹದಿಮೂರನೆಯದಕ್ಕೆ ಒಬ್ಬರೂ ಇಲ್ಲ. ಏಸು ತನ್ನ ಶಿಷ್ಯರ ಜೊತೆ ಕೊನೆಯ ಊಟಕ್ಕೆ ಕೂತ ಆ ಜಗತ್ಪ್ರಸಿದ್ಧ ಚಿತ್ರವನ್ನು ಅಂಗಡಿಬೀದಿಯ ಉದ್ದನೆಯ ಗೋಡೆಯ ಮೇಲೆ, ಬೀದಿಯವರದೇ ಮುಖಗಳನ್ನಿಟ್ಟು ಸ್ಪರ್ಧೆಯೊಂದಕ್ಕೆ ಬರೆಯಬೇಕೆಂದು ನಮ್ಮ ಚಿತ್ರಕಲಾ ಶಾಲೆಯ ಮೇಷ್ಟ್ರು ತೀರ್ಮಾನಿಸಿದ್ದರು. ಔಷಧಿ ಅಂಗಡಿಯವರು ಯಾರೂ ಕೇಳುವ ಮೊದಲೇ ನಡುವಿನ ಜಾಗ ಹಿಡಿದರು. ದರ್ಜಿ, ಬೇಕರಿಯವನು, ಕ್ಷೌರದಂಗಡಿಯವನು ಎಲ್ಲ ತಲೆ ಬಾಚಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು. ಒಂದು ಚೀಲ ಹಣಕ್ಕೆ ಗುರುವನ್ನು ಹಿಡಿದುಕೊಟ್ಟ ಶಿಷ್ಯನ ಜಾಗ ಮಾತ್ರ ಯಾರಿಗೂ ಬೇಡ.

"ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ಬೇಕು ಅಂತಿದೀರಾ?" ಎಂದು ಬೇಕರಿಯವನು ನಕ್ಕ.

ಆ ಮುಖ ನನ್ನ ಪಾಲಿಗೆ ಬಂದಿತ್ತು. ಕಥೆ ಗೊತ್ತಿಲ್ಲದವನೊಬ್ಬನನ್ನು ಹುಡುಕಿದೆ. ಸಿಕ್ಕವನು ಬೀದಿಯ ಕಾವಲಿನ ತಾತ. ಹನ್ನೊಂದು ಅಂಗಡಿಗಳ ಬೀಗದ ಕೈಗಳು ಅವನ ಸೊಂಟದಲ್ಲೇ ಇರುತ್ತಿದ್ದವು. ಮಾಲೀಕರು ಬರುವ ಮೊದಲೇ ಶಟರ್ ಎತ್ತಿ ಗುಡಿಸಿಡುತ್ತಿದ್ದ. ಬೀದಿಯವರು ಇಟ್ಟ ನಂಬಿಕೆಯೇ ಅವನ ಅನ್ನ.

"ನನ್ನ ಮುಖಾನಾ? ಈ ಹಾಳು ಮುಖಾನಾ?" ಎಂದ. ಕೂತ ಮೇಲೆ ಗೋಡೆಯ ಮೇಲಿನ ಗೆರೆಗಳನ್ನು ನೋಡಿ ಕೇಳಿದ, "ಕೈಯಲ್ಲಿ ಅದೇನಮ್ಮ ಚೀಲ?"

"ನೀವು ನಂಬಿಕಸ್ಥರಲ್ವಾ ತಾತ? ಎಲ್ಲರ ಗಂಟೂ ನಿಮ್ಮ ಹತ್ರಾನೇ."

ಎಷ್ಟು ಸಲೀಸಾಗಿ ಸುಳ್ಳು ಬಂತು! ಆಗ ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ.

ಮುಖ ಚೆನ್ನಾಗಿ ಬಂತು. ತಾತ ಏಳನೇ ತರಗತಿಯ ಮೊಮ್ಮಗಳನ್ನು ಕೈಹಿಡಿದು ಕರೆತಂದು ತೋರಿಸಿದ. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು. ತಾತ ಅತ್ತ ಹೋದಾಗ ಮೆಲ್ಲಗೆ ಕೇಳಿದಳು, "ಅದು ಯಾರು ಅಂತ ತಾತಂಗೆ ಹೇಳಿದೀರಾ ಅಕ್ಕ?"

"ಚಿತ್ರ ತಾನೇ ಪುಟ್ಟಿ" ಎಂದೆ.

ಮರುದಿನ ಕ್ಷೌರದಂಗಡಿಯವನು ಎಲ್ಲರೆದುರು ಕೂಗಿದ, "ಏನ್ ತಾತ, ಇವತ್ತು ಯಾರನ್ನ ಮಾರ್ಕೊಂಡೆ?" ಬೀದಿಯೆಲ್ಲ ನಕ್ಕಿತು. ಅರ್ಥವಾಗದೆ ತಾತನೂ ನಕ್ಕ. ಮನೆಗೆ ಹೋದ ಮೇಲೆ ಅರ್ಥ ಹೇಳುವ ಕೆಲಸ ಆ ಹುಡುಗಿಯ ತಲೆಗೆ ಬಿತ್ತು.

ಅದರ ಮಾರನೆಯ ದಿನ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮ, ಮೂಗೊಂದು ಬದಲಾಯಿಸಿಬಿಡು, ಸಾಕು. ಬೇರೆ ಯಾರೋ ಅನ್ನೋ ಥರ ಮಾಡು."

ಹತ್ತು ನಿಮಿಷದ ಕೆಲಸ. ಬಣ್ಣ ಕಲಸಿಯೂ ಬಿಟ್ಟಿದ್ದೆ. ಮೇಷ್ಟ್ರು ಕೈ ಹಿಡಿದರು. "ಹುಚ್ಚಾ ನಿನಗೆ? ಇಡೀ ಗೋಡೆಯಲ್ಲಿ ಜೀವ ಇರೋದು ಅದೊಂದೇ ಮುಖಕ್ಕೆ. ನಾಳೆ ತೀರ್ಪುಗಾರರು ಬರ್ತಾರೆ."

ಕುಂಚ ಕೆಳಗಿಟ್ಟೆ. ಬಹುಮಾನ ನನಗೂ ಬೇಕಿತ್ತು. ಬಂತು ಕೂಡ, ಮೊದಲನೆಯದೇ. ಮೇಷ್ಟ್ರು ಬೀದಿಯವರಿಗೆಲ್ಲ ಸಿಹಿ ಹಂಚಿದರು, ತಾತನಿಗೂ ಕೊಟ್ಟರು.

ಬೀದಿಯವರ ತಮಾಷೆ ಹೆಚ್ಚು ದಿನ ತಮಾಷೆಯಾಗಿ ಉಳಿಯಲಿಲ್ಲ. ಮೊದಲು ದರ್ಜಿ ತನ್ನ ಬೀಗದ ಕೈ ವಾಪಸು ಕೇಳಿದ. "ತಪ್ಪು ತಿಳ್ಕೋಬೇಡ ತಾತ, ಸುಮ್ನೆ ಒಂದು ಮುಂಜಾಗ್ರತೆ." ಆ ಬೀದಿಯಲ್ಲಿ ಒಂದು ಸೂಜಿಯೂ ಕಳುವಾಗಿರಲಿಲ್ಲ. ಆದರೆ ಒಬ್ಬ ಇಸಿದುಕೊಂಡ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಕೊನೆಯ ಬೀಗದ ಕೈಯನ್ನು ಔಷಧಿ ಅಂಗಡಿಯವರು ತೆಗೆದುಕೊಂಡ ದಿನವೇ ತಾತ ಮೊಮ್ಮಗಳ ಜೊತೆ ಊರು ಬಿಟ್ಟ. ಎಲ್ಲಿಗೆ ಹೋದನೆಂದು ನಾನೂ ವಿಚಾರಿಸಲಿಲ್ಲ.

ಹೋದ ತಿಂಗಳು ಗೋಡೆಯಲ್ಲಿ ಬಣ್ಣ ಉದುರಿದ ಕಡೆ ತಿದ್ದಲು ಹೋಗಿದ್ದೆ. ಅಂಗಡಿ ಬಾಡಿಗೆಗೆ ನೋಡಲು ಬಂದ ಹೊಸಬನೊಬ್ಬನಿಗೆ ಬೇಕರಿಯವನು ಚಿತ್ರ ತೋರಿಸುತ್ತಿದ್ದ.

"ಇವನು ಇಲ್ಲಿ ಕಾವಲಿಗಿದ್ದ. ನಂಬಿ ಬೀಗದ ಕೈ ಕೊಟ್ಟಿದ್ವಿ."

"ಏನು ಕದ್ದ?"

"ಏನೋ ಮಾಡಿರ್ತಾನೆ ಬಿಡಿ. ಇಲ್ಲದಿದ್ರೆ ಗೋಡೆ ಮೇಲೆ ಹಾಗ್ಯಾಕೆ ಬರೀತಾರೆ?" ಎಂದವನು ನನ್ನ ಕಡೆ ತಿರುಗಿದ. "ಅಲ್ವೇನಮ್ಮ? ಬರೆದೋಳು ನೀನೇ ತಾನೇ?"

"ಇರಬಹುದು, ನನಗೆ ಅದೆಲ್ಲ ಗೊತ್ತಿಲ್ಲ" ಎಂದೆ.

ಹೊಸಬ ಹತ್ತಿರ ಬಗ್ಗಿ ನೋಡಿದ. "ಕಣ್ಣಲ್ಲೇ ಗೊತ್ತಾಗುತ್ತೆ, ಎಂಥ ಮನುಷ್ಯ ಅಂತ. ಚೆನ್ನಾಗಿ ಬರೆದಿದ್ದೀರಿ."

ಥ್ಯಾಂಕ್ಸ್ ಹೇಳಿದೆ.