ಭಾರವಾದ ಕೈ

ಮಂಡಿ ಊರುವುದಿಲ್ಲ ಅಂದರೆ ಊರುವುದಿಲ್ಲ. ಸಿದರಾಯ ನಿಂತೇ ಇದ್ದ.

ಅವನ ಆಚೆ ಈಚೆ ಹನ್ನೊಂದು ಮಂದಿ ಸಭಾಪಾಲಕರು ಆಗಲೇ ಮಂಡಿಯೂರಿ ತಲೆ ಬಗ್ಗಿಸಿದ್ದರು. ಬೇರೆ ಬೇರೆ ಕ್ರೈಸ್ತ ಸಭೆಗಳೆಲ್ಲ ಕೂಡಿ ಒಂದೇ ಆಗುವ ದಿನ ಅದು. ಮಿರಜದ ಆ ಚರ್ಚಿನಲ್ಲಿ ಹೊಸ ಬಿಷಪ್ಪರು ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸುತ್ತ ಬರುತ್ತಿದ್ದರು. ಕೈಯಿಡಿಸಿಕೊಂಡವನು ನಾಳೆಯಿಂದಲೂ ಸಭಾಪಾಲಕ. ಇಲ್ಲದವನು ತನ್ನೂರಿನ ಚರ್ಚಿನ ಬೀಗದ ಕೈ ಒಪ್ಪಿಸಿ ಮನೆ ಸೇರಬೇಕು.

ಸಭೆಗಳನ್ನು ಕೂಡಿಸುವ ಸಮಿತಿಯ ಕಾರ್ಯದರ್ಶಿ ಬಾಪೂಸಾಹೇಬರು ಹಿಂದಿನಿಂದ ಅಂಗಿ ಜಗ್ಗಿದರು.

"ಊರ್ರಿ, ಸಿದರಾಯರ. ಎಲ್ಲಾರೂ ನೋಡಾಕ್ಹತ್ಯಾರ."

"ನನಗ ಒಮ್ಮೆ ಕೈ ಇಟ್ಟಾಗೇತ್ರಿ."

"ಇದು ಬರೇ ಒಂದು ಪದ್ಧತಿ."

"ಬರೇ ಪದ್ಧತಿ ಆದ್ರ ನನ್ನ ಬಿಡ್ರಿ. ದೇವರು ಆರೋನನ್ನ ಆರಿಸಿದಾಗ ಅವನ ಕೋಲು ಒಮ್ಮೆ ಚಿಗೀತು. ಇನ್ನೊಮ್ಮೆ ಚಿಗಿಸಿ ತೋರ್ಸು ಅಂತ ಯಾರರೆ ಕೇಳಿದ್ರೇನು?"

"ದಾವೀದಗ ಮೂರು ಸಲ ತೈಲ ಹಚ್ಚಿದ್ರಲ್ರಿ."

ಇವರೂ ಬೈಬಲ್ಲು ಓದಿದವರೇ, ಹಾಳಾದದ್ದು.

ಬಿಷಪ್ಪರು ಎದುರಿಗೆ ಬಂದರು. ಕೈ ಅರ್ಧ ಎತ್ತಿ ಅವನ ಮುಖ ನೋಡಿದರು. ಆಮೇಲೆ ಪಕ್ಕದವನ ತಲೆಗೆ ಹೋದರು. ಯಾರೂ ಕೂಗಾಡಲಿಲ್ಲ, ಹೊರಗೆ ಹಾಕಲೂ ಇಲ್ಲ. ಅವನಿಗೆ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ.

ತನ್ನೂರು ಬೇಡಗದ ಬಸ್ಸಿನಲ್ಲಿ ಕೂತ ಮೇಲೂ ಆ ಸಿಟ್ಟು ಇಳಿದಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಮಿರಜದ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ವರ್ಷ, ಬೇಡಗದ ಬೇವಿನ ಗಿಡದ ಕೆಳಗೆ ಅವನಿಗೆ ಸಭಾಪಾಲಕನ ದೀಕ್ಷೆ ಕೊಡುವಾಗ ನಾಲ್ಕು ಕೈಗಳು ಅವನ ತಲೆಯ ಮೇಲೆ ಬಿದ್ದಿದ್ದವು. ಮೂರು ಹಗುರ; ಮಿಶನರಿ ಸಾಹೇಬರದಂತೂ ಮುಟ್ಟಿತೋ ಇಲ್ಲವೋ ಅನ್ನುವ ಹಾಗೆ. ನಾಲ್ಕನೆಯದು ಸಭೆಯ ಹಿರಿಯ ಧೋಂಡಿಬಾನದು, ಕುರಿ ಕಾಯ್ದ ಕೈ. ಕುತ್ತಿಗೆ ಮುರಿಯುವಷ್ಟು ಭಾರ. ಇದು ಮನುಷ್ಯನ ಭಾರವಲ್ಲ ಎಂದು ಸಿದರಾಯ ಅಲ್ಲೇ ತೀರ್ಮಾನಿಸಿಬಿಟ್ಟಿದ್ದ.

ಆಮೇಲೆ ದೇವರು ತುಟಿ ಬಿಚ್ಚಿದವನಲ್ಲ. ತಾನು ನೇಮಿಸಿದವನನ್ನು ದೇವರು ಎತ್ತಿ ಹಿಡಿಯುತ್ತಾನೆ ಎಂದು ಭಾನುವಾರ ಬೋಧಿಸುವಾಗ ಮಾತು ಬಾಯಿಂದ ಬರುತ್ತಿತ್ತೇ ಹೊರತು ಒಳಗಿಂದ ಬರುತ್ತಿರಲಿಲ್ಲ. ಆಗೆಲ್ಲ ಅವನು ನೆತ್ತಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವನ ಹತ್ತಿರ ಇದ್ದದ್ದು ಆ ಭಾರ ಒಂದೇ. ಅದನ್ನೂ ಇವರಿಗೆ ಒಪ್ಪಿಸಬೇಕಂತೆ!

ಬಸ್ಸಿಳಿದವನೇ ಸಿದರಾಯ ನೇರ ಧೋಂಡಿಬಾನ ಮನೆಗೆ ಹೋದ. ಮುದುಕ ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದ. ತೊಂಬತ್ತರ ಹತ್ತಿರ ಬಂದಿದ್ದ.

"ಕಾಕಾ, ನಾ ಮಂಡಿ ಊರ್ಲಿಲ್ಲ. ನೀವು ಇಟ್ಟ ಕೈ ಸಾಕು ಅಂದೆ."

"ಶಾಬಾಸ್," ಅಂದ ಮುದುಕ. ಆಮೇಲೆ, "ನಾ ಯಾವಾಗ ಇಟ್ಟಿದ್ನೋ?"

"ಬೇವಿನ ಗಿಡದ ಬುಡಕ, ಸಾಹೇಬ್ರು ಬಂದಾಗ. ಎಷ್ಟು ಭಾರ ಇತ್ರಿ ನಿಮ್ಮ ಕೈ! ಆವಾಗ ನಿಮಗ ಏನರೆ ಆತೇನು, ಕೈಯಾಗ?"

ಧೋಂಡಿಬಾನಿಗೆ ನೆನಪಾಯಿತು. ಹಲ್ಲಿಲ್ಲದ ಬಾಯಿ ತುಂಬ ನಕ್ಕ.

"ಕೈಯಾಗ ಏನೂ ಇಲ್ಲೋ. ಮೊಣಕಾಲು ಬಾತಿತ್ತು. ಸಾಹೇಬನ ಪ್ರಾರ್ಥನಿ ಮುಗೀವಲ್ದು. ಬೀಳ್ತೇನಂತ ನಿನ್ನ ತಲಿ ಹಿಡಕೊಂಡು ನಿಂತೆ."

ನೆತ್ತಿ ಮುಟ್ಟಲು ಹೋದ ಸಿದರಾಯನ ಕೈ ಅರ್ಧಕ್ಕೇ ಇಳಿಯಿತು. ಆಮೇಲೆ ನಾಚಿಕೆ. ನಾಚಿಕೆಯ ಹಿಂದೆಯೇ ಮತ್ತೆ ಅದೇ ಸಿಟ್ಟು.

"ಇರ್ಲಿ," ಅಂದ. "ಆದ್ರೂ ನಾ ಊರೂದಿಲ್ಲ."

"ಊರಬ್ಯಾಡ. ಈಗ ಹತ್ತರ ಬಾ. ಒಳಗ ಹೋಗಬೇಕು, ಏಳಾಕ ಆಗವಲ್ದು."

ಸಿದರಾಯ ಬಗ್ಗಿದ. ಮುದುಕನ ಕೈ ಎಟುಕಲಿಲ್ಲ. ಇನ್ನಷ್ಟು ಬಗ್ಗಿದ. ಕೊನೆಗೆ ಎರಡೂ ಮಂಡಿ ನೆಲಕ್ಕೆ ಊರಿದ. ಅಂಗೈ ನೆತ್ತಿಗೆ ಬಿತ್ತು. ಅದೇ ಭಾರ. ಧೋಂಡಿಬಾ ಕೂದಲು ಹಿಡಿದು ಅರ್ಧ ಎದ್ದ, ನಡುಗಿದ, ಅಲ್ಲೇ ನಿಂತ. ಪೂರ್ತಿ ಏಳಲಿಲ್ಲ, ಮತ್ತೆ ಕೂರಲೂ ಇಲ್ಲ.

"ಅಳ್ಳಾಡಬ್ಯಾಡ," ಅಂದ. "ನೀ ಅಳ್ಳಾಡಿದ್ರ ನಾ ಬೀಳ್ತೇನಿ."

ಸಿದರಾಯ ಕುತ್ತಿಗೆ ಬಿಗಿಹಿಡಿದು ಹಾಗೇ ಇದ್ದ.