ದೊಡ್ಡಮ್ಮನ ಹೆಸರಿನ ದಾರಿ

ಊರ್ಡಿಗೆರೆ ಕಡೆ ಹೋದರೆ ಹಾಲುಗಲ್ಲು ಬೆಟ್ಟದ ಬುಡದಲ್ಲಿ ಈಗ ಒಂದು ಹಸಿರು ಬೋರ್ಡು ನಿಂತಿದೆ. ಅದರ ಮೇಲೆ ನನ್ನ ದೊಡ್ಡಮ್ಮನ ಹೆಸರಿದೆ. ಆ ಹೆಸರು ಅಲ್ಲಿಗೆ ಬರಲು ನಾನೇ ಕಾರಣ. ಬೇರೆಯವರನ್ನು ಬೈಯಬೇಕೆಂದು ಬಹಳ ಸಲ ಅನ್ನಿಸಿದೆ, ಬೈದೂ ಇದ್ದೇನೆ. ಹಾಳಾದ್ದು, ಬೈದು ಮುಗಿದ ಮೇಲೆ ಉಳಿಯುವವನು ನಾನೊಬ್ಬನೇ.

ನನ್ನ ಹೆಸರು ಜಯಪ್ರಕಾಶ್. ತುಮಕೂರಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಕ್ಯಾತ್ಸಂದ್ರದಲ್ಲಿ ಮನೆ. ಮೂವತ್ತೆಂಟಕ್ಕೇ ಶುಗರ್ ಬಂತು. ಡಾಕ್ಟರು ದಿನಾ ನಡೆಯಿರಿ ಅಂದರು, ನಾನು ಗ್ರಾವೆಲ್ ಬೈಕ್ ಅನ್ನುವ ಸೈಕಲ್ಲು ಕೊಂಡೆ. ಅದರ ಹ್ಯಾಂಡಲ್ಲು ರೇಸ್ ಸೈಕಲ್ಲಿನ ಹಾಗೆ ಬಾಗಿರುತ್ತದೆ, ಟೈರು ಮಾತ್ರ ದಪ್ಪ. ಟಾರು ಮುಗಿದ ಮೇಲೆ ಜಲ್ಲಿ, ಮಣ್ಣು, ಬಂಡಿಜಾಡು ಎಲ್ಲದರ ಮೇಲೂ ಓಡುತ್ತದೆ. ಮೊದಲ ಭಾನುವಾರವೇ ಅದನ್ನು ತುಳಿದುಕೊಂಡು ಬೆಟ್ಟದ ಬುಡದ ನಮ್ಮೂರಿಗೆ ಹೋದೆ.

ಚಿಕ್ಕಗಂಗಮ್ಮ ನನ್ನ ತಾಯಿಯ ಅಕ್ಕ. ಬಾಯಿ ಜೋರು, ಕಾಲು ಅದಕ್ಕಿಂತ ಜೋರು. ಜಗಲಿಯ ಮೇಲೆ ಕೂತು ಪೊರಕೆ ಕಟ್ಟುತ್ತಿದ್ದವಳು ಎದ್ದು ಬಂದು ಸೈಕಲ್ಲನ್ನು ಒಂದು ಸುತ್ತು ನೋಡಿದಳು.

"ಏನ್ಲಾ ಜಯಾ, ಇದಕ್ಕೆ ಸ್ಟ್ಯಾಂಡೇ ಇಲ್ವಲ್ಲೋ! ಎಲ್ಲಾರಾ ನಿಲ್ಬೇಕು ಅಂದ್ರೆ ಹೆಗಲ್ ಮೇಲ್ ಹೊತ್ಕೊಂಡ್ ನಿಂತ್ಕೋತೀಯಾ?"

"ಇದು ಬೆಟ್ಟ ಹತ್ತೋ ಸೈಕಲ್ಲು ದೊಡ್ಡಮ್ಮ."

"ಬೆಟ್ಟ ಹತ್ತೋದಾ? ಹಂಗಾದ್ರೆ ಬಾ. ಹಿಂದ್ಗಡೆ ಒಂದ್ ದಾರಿ ಐತೆ, ತೋರುಸ್ತೀನಿ. ನಿಮ್ ತುಮಕೂರ್ನೋರ್ಗೆ ಅದೆಲ್ಲಿ ಗೊತ್ತಾಯ್ತದೆ."

ಆ ದಾರಿ ಬಂಡೆಗಳ ಸಂದಿಯಲ್ಲಿ ನುಸುಳಿ, ನೆಲ್ಲಿಮರಗಳ ನಡುವೆ ಏರಿ, ಬೇಸಿಗೆಯಲ್ಲೂ ನೀರು ನಿಲ್ಲುವ ಒಂದು ದೊಣೆಯ ಪಕ್ಕ ಹಾದು, ಬೆಟ್ಟದ ಆ ಬದಿಯ ಈಚಲು ಹಳ್ಳಕ್ಕೆ ಇಳಿಯುತ್ತಿತ್ತು. ದೊಡ್ಡಮ್ಮ ವಾರಕ್ಕೆ ಮೂರು ಸಲ ಅಲ್ಲಿಗೆ ಹೋಗಿ ಈಚಲು ಗರಿ ಕೊಯ್ದು ತರುತ್ತಿದ್ದಳು. ಅದರ ಪೊರಕೆ ಕಟ್ಟಿ ಗುಬ್ಬಿ ಸಂತೆಗೆ ಒಯ್ಯುತ್ತಿದ್ದಳು. ಗಂಡ ಹೋದ ಮೇಲೆ ಮೂವತ್ತು ವರ್ಷ ಅದೇ ಅವಳ ಅನ್ನ. ಮಗಳ ಮನೆ ಕುಣಿಗಲ್‌ನಲ್ಲಿದೆ, ಎಷ್ಟು ಕರೆದರೂ ಹೋದವಳಲ್ಲ. "ನನ್ ಕೂಳು ಬೆಟ್ದಾಗೈತೆ" ಅನ್ನುತ್ತಿದ್ದಳು.

ಅವಳು ಮುಂದೆ, ನಾನು ಹಿಂದೆ. ಕೆಲವು ಕಡೆ ತುಳಿದೆ, ಕೆಲವು ಕಡೆ ಇಳಿದು ತಳ್ಳಿದೆ. ದಾರಿಗೆ ಅಡ್ಡ ಸಿಕ್ಕ ಕಲ್ಲನ್ನೆಲ್ಲ ಅವಳು ಮಾತಾಡುತ್ತಲೇ ಕಾಲಿನಿಂದ ಪಕ್ಕಕ್ಕೆ ಸರಿಸುತ್ತಿದ್ದಳು. ನನ್ನ ಟೈರಿಗೆ ಆ ನೆಲ ಅಷ್ಟು ಚೆನ್ನಾಗಿ ಸಿಕ್ಕಿದ್ದು ಮೂವತ್ತು ವರ್ಷದ ಆ ಕಾಲಿನಿಂದ. ಗರಿ ಕೊಯ್ಯುವಾಗ ಪೊದೆಯ ನಡುವಿನ ಸುಳಿಯನ್ನು ಮುಟ್ಟುತ್ತಿರಲಿಲ್ಲ. "ಸುಳಿ ಕೊಯ್ದ್ರೆ ಗಿಡ ಸತ್ತೋಯ್ತದೆ. ನಾಳೀಕೂ ಬೇಕಲ್ವೇನ್ಲಾ?"

ನನ್ನ ಫೋನಿನಲ್ಲಿ ಸೈಕಲ್ ಓಡಿಸಿದ ದಾರಿಯನ್ನು ನಕ್ಷೆ ಬರೆದು ಇಡುವ ಒಂದು ಆ್ಯಪ್ ಇದೆ. ಸವಾರಿ ಮುಗಿದ ಮೇಲೆ ಅದು ಈ ದಾರಿಗೊಂದು ಹೆಸರು ಕೊಡಿ ಅಂತ ಕೇಳುತ್ತದೆ. ಅಷ್ಟು ಹೊತ್ತಿಗೆ ನಾನು ದೊಡ್ಡಮ್ಮನ ಅಡಿಗೆಮನೆಯಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದೆ. ತಟ್ಟೆಯ ಅಂಚಿನಲ್ಲಿ ಅವಳ ಹೆಸರಿತ್ತು. ಲೋಟದ ಮೇಲೆ, ಚೊಂಬಿನ ಮೇಲೆ, ಬಿಂದಿಗೆಯ ಕತ್ತಿನಲ್ಲಿ, ಎಲ್ಲೆಲ್ಲೂ ಚಿಕ್ಕಗಂಗಮ್ಮ. ಪಾತ್ರೆ ಅಂಗಡಿಯವನು ಮೆಷೀನಿನಲ್ಲಿ ಟಿರ್ರ್ ಅಂತ ಕೊರೆದುಕೊಡುವವರೆಗೂ ಅವಳು ಅಂಗಡಿ ಬಿಟ್ಟು ಕದಲುತ್ತಿರಲಿಲ್ಲ. ಓದಲು ಬರೆಯಲು ಬಾರದು, ಆದರೆ ತನ್ನ ಹೆಸರಿನ ಆಕಾರ ಗೊತ್ತು. "ಮೊದಲ್ನೇದ್ರ ತಲೆ ಮ್ಯಾಗ್ ಗುಂಡಿ, ಮಧ್ಯ ಒಂದ್ ಸೊನ್ನೆ, ಎರಡ್ನೇದಕ್ಕೂ ಕಡೇದಕ್ಕೂ ಕಾಲ್ ಕೆಳ್ಗೆ ಮರಿ." ಮದುವೆ ಮನೆಗೆ ಕೊಟ್ಟ ಪಾತ್ರೆ ಅದಲುಬದಲಾದರೆ ನೂರು ಪಾತ್ರೆಗಳ ನಡುವಿನಿಂದ ತನ್ನದನ್ನು ಎತ್ತಿಕೊಂಡು ಬರುತ್ತಿದ್ದಳು. ಹೆಸರಿದ್ದರೆ ಅದು ಅವಳದು. ಅದರಲ್ಲಿ ಎರಡು ಮಾತೇ ಇಲ್ಲ.

ನಾನೂ ಅದೇ ಮನೆಯ ಅನ್ನ ತಿಂದವನಲ್ಲವೇ? ದಾರಿಗೆ ಅವಳ ಹೆಸರನ್ನೇ ಹಾಕಿದೆ. ಎಷ್ಟು ಖುಷಿಯಾಗಿತ್ತು ನನಗೆ! ಅವಳಿಗೂ ತೋರಿಸಿದೆ. ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಗುರುತು ಹಿಡಿದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಎರಡು ತಿಂಗಳಲ್ಲಿ ನಮ್ಮ ಸೈಕಲ್ ಬಳಗದ ಹದಿನೈದು ಜನ ಆ ನಕ್ಷೆ ಹಿಡಿದು ಬಂದರು. ಆರು ತಿಂಗಳಲ್ಲಿ ಬೆಂಗಳೂರಿನವರು ಬಂದರು. ಬಳಗದ ಲೀಡರ್ ಭಾನುಪ್ರಕಾಶ್, ಕುಣಿಗಲ್‌ನಲ್ಲಿ ಸೈಕಲ್ ಅಂಗಡಿ ಇಟ್ಟವನು, ಬೆಟ್ಟದ ನಿಸರ್ಗಧಾಮ ನಡೆಸುವ ಸಮಿತಿಯ ಜೊತೆ ಮಾತಾಡಿ ವರ್ಷಕ್ಕೊಂದು ದೊಡ್ಡ ರೇಸು ಅಂತ ಗೊತ್ತುಮಾಡಿದ. ಆ ಸಭೆಗೆ ನನ್ನನ್ನೂ ಕರೆದಿದ್ದರು, ದಾರಿ ಕಂಡುಹಿಡಿದವರು ಅಂತ. ಕಂಡುಹಿಡಿದವನಂತೆ! ನಾನು ತಿದ್ದಲಿಲ್ಲ.

ಸಮಿತಿಯವರು ಒಂದೇ ಒಂದು ಪ್ರಶ್ನೆ ಕೇಳಿದರು. "ಈ ದಾರೀಲಿ ಊರವರು ಯಾರಾದ್ರೂ ಓಡಾಡ್ತಾರಾ? ಇದ್ರೆ ಹೇಳಿ, ಅವರಿಗೆ ಬೇರೆ ವ್ಯವಸ್ಥೆ ಮಾಡ್ಬೇಕಾಗುತ್ತೆ, ಪರ್ಮಿಷನ್ ಲೇಟಾಗುತ್ತೆ."

ಭಾನುಪ್ರಕಾಶ್ ನನ್ನ ಮುಖ ನೋಡಿದ. ಜನವರಿಯ ರೇಸಿಗೆ ಪೋಸ್ಟರ್ ಆಗಲೇ ಹೊರಟಿತ್ತು. ಅದರಲ್ಲಿ ನನ್ನ ಫೋಟೋ ಇತ್ತು.

"ಈಗ ಯಾರ್ ಓಡಾಡ್ತಾರೆ ಸಾರ್," ಅಂದೆ ನಾನು.

ಗೇಟು ಬಂತು, ಎರಡೂ ಕಡೆ ತಂತಿಬೇಲಿ ಬಂತು, ಬೋರ್ಡು ಬಂತು. ದೊಡ್ಡಮ್ಮನಿಗೆ ಮೊದಲೇ ಹೇಳಬೇಕಿತ್ತು. ಇವತ್ತು, ನಾಳೆ ಅಂತ ಮುಂದೆ ಹಾಕಿದೆ. ಹೇಗೆ ಹೇಳುವುದು ಅಂತ ಯೋಚಿಸುತ್ತಿರುವಾಗಲೇ ಅವಳೇ ಫೋನು ಮಾಡಿದಳು.

"ಜಯಾ, ಬೆಟ್ಟದ ತಾವ ನನ್ ಹೆಸ್ರು ಹಾಕವ್ರೆ ಕಣ್ಲಾ! ಇಷ್ಟುದ್ದ! ಗುಂಡಿ, ಸೊನ್ನೆ, ಮರಿ, ಎಲ್ಲಾ ಸರ್ಯಾಗೈತೆ. ಬೇಲಿ ಹಾಕ್ತಾ ಇದ್ದಾಗ ಎದೆ ಧಸಕ್ಕಂದಿತ್ತು, ಇನ್ ನನ್ ಕತೆ ಮುಗೀತು ಅಂತ. ನೀನೇ ಹೇಳಿ ಮಾಡ್ಸಿದ್ದಾ? ನಿನ್ ಹೊಟ್ಟೆ ತಣ್ಣಗಿರ್ಲಿ."

ಆಫೀಸಿನಲ್ಲಿ ಜನ ಇದ್ದರು. "ಸಂಜೆ ಮಾಡ್ತೀನಿ ದೊಡ್ಡಮ್ಮ" ಅಂದು ಇಟ್ಟೆ. ಸಂಜೆ ಮಾಡಲಿಲ್ಲ.

ಮಾರನೆಯ ದಿನ ಅವಳು ಕುಡುಗೋಲು ಹಿಡಿದು, ತನ್ನ ಹೆಸರಿರುವ ಗೇಟನ್ನು ತಾನೇ ತೆಗೆದು ಒಳಗೆ ಹೋಗಿದ್ದಾಳೆ. ಬೇರೆ ಹೆಂಗಸರಾದರೆ ಬೇಲಿ ನೋಡಿ ಹೆದರಿ ವಾಪಸು ಬರುತ್ತಿದ್ದರು. ಇವಳು ಗರಿಯ ಹೊರೆ ಹೊತ್ತು ನಡುಮಧ್ಯಾಹ್ನ ಗಾರ್ಡ್ ಕದರಯ್ಯನ ಎದುರಿಗೇ ಬಂದಿದ್ದಾಳೆ, ನಗುನಗುತ್ತಾ. ಅವನು ಹೊರೆ ಇಳಿಸಿ ಕುಡುಗೋಲು ಕಿತ್ತುಕೊಂಡ. "ನನ್ ಹೆಸ್ರೇ ಐತಲ್ಲಯ್ಯ, ನೋಡೋಗು" ಅಂತ ಅವಳು ಬೋರ್ಡು ತೋರಿಸಿದಳಂತೆ. ಅವನು ಹೆಸರಿನ ಕೆಳಗಿದ್ದುದನ್ನು ಗಟ್ಟಿಯಾಗಿ ಓದಿ ಹೇಳಿದ: ಸೈಕಲ್ ಸವಾರರಿಗೆ ಮಾತ್ರ, ಬುಕಿಂಗ್ ಇಲ್ಲದೆ ಪ್ರವೇಶವಿಲ್ಲ. ಆಮೇಲೆ ಇನ್ನು ಒಳಗೆ ಕಾಲಿಡುವುದಿಲ್ಲ ಅಂತ ಬರೆದ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ.

ಭಾನುವಾರ ಹೋದೆ. ಜಗಲಿಯ ಮೇಲೆ ಈಚಲು ಗರಿ ಇರಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಆಡುತ್ತಿದ್ದ ಆ ಎರಡು ಕೈಗಳು ಸುಮ್ಮನೆ ಮಡಿಲಲ್ಲಿ ಬಿದ್ದಿದ್ದವು.

"ಗರಿ ಕೊಯ್ಯೋಕ್ ಬಿಡಲ್ಲ ಅಂದ್ರೆ ಬಿಡ್ದೆ ಹೋಗ್ಲಿ. ಅವರ್ ಬೆಟ್ಟ ಅಂತಾರೆ, ಅವರ್ದೇ ಇಟ್ಕೊಳ್ಳಿ. ಹಂಗಾದ್ರೆ ನನ್ ಹೆಸ್ರು ಯಾಕ್ಲಾ ಹಾಕೋರು? ಹೆಸ್ರು ಹಾಕಿ ಒಳೀಕ್ ಬಿಡಲ್ಲ ಅಂದ್ರೆ ಏನ್ಲಾ ಅರ್ಥ?"

"ಅದು... ಮರ್ಯಾದೆಗೆ ಹಾಕಿರೋದು ದೊಡ್ಡಮ್ಮ."

"ಯಾರ್ ಮರ್ಯಾದೆಗೆ?"

ಸಭೆಯಲ್ಲಿ ನಾನು ಆಡಿದ ಮಾತನ್ನು ಅವಳಿಗೆ ಹೇಳದೆ ಫೋನು ಹಿಡಿದು ಅಂಗಳಕ್ಕೆ ಇಳಿದೆ. ಥೂ ನನ್ನ ಜನ್ಮಕ್ಕೆ!

ಅಲ್ಲಿಂದಲೇ ಭಾನುಪ್ರಕಾಶನಿಗೆ ಫೋನು ಮಾಡಿ, ಅವಳನ್ನು ಒಳಗೆ ಬಿಡಿಸು, ಇಲ್ಲ ಆ ಹೆಸರು ತೆಗೆಸು ಅಂದೆ. "ಏ ಜೆಪಿ, ತಲೆಗಿಲೆ ಕೆಟ್ಟಿದೆಯಾ? ನಾನೂರು ಟೀಶರ್ಟ್ ಮೇಲೆ ಅದೇ ಹೆಸರು ಪ್ರಿಂಟಾಗಿದೆ. ಒಂದ್ ಕೆಲ್ಸ ಮಾಡೋಣ, ಅಜ್ಜೀನ ರೇಸಿಗೆ ಕರ್ಕೊಂಡ್ ಬಾ. ಸನ್ಮಾನ ಮಾಡ್ಬಿಡೋಣ. ಜನಕ್ಕೂ ಟಚಿಂಗ್ ಆಗುತ್ತೆ." ನನಗೂ ಅದೇ ಸುಲಭ ಅನ್ನಿಸಿತು.

ದೊಡ್ಡಮ್ಮ ಕೇಳಿದ್ದು ಒಂದೇ ಮಾತು. "ಗೇಟ್ ಹಾಕ್ಸಿರೋ ದೊಡ್ಡೋರೆಲ್ಲ ಬತ್ತಾರಾ?"

"ಬರ್ತಾರೆ."

"ಹಂಗಾದ್ರೆ ಬತ್ತೀನಿ. ನಾನೇ ಬಾಯ್ಬಿಟ್ ಕೇಳ್ತೀನಿ. ಎದುರ್ಗೇ ಕೇಳಿದ್ರೆ ಇಲ್ಲ ಅನ್ನಲ್ಲ ಬುಡು."

ರೇಸಿನ ದಿನ ಬೆಳಿಗ್ಗೆ ಏಳಕ್ಕೆ ಅವಳು ಮಗಳ ಮದುವೆಯ ಸೀರೆ ಉಟ್ಟು ಬಂದಳು. ಗೇಟಿನ ಮುಂದೆ ನಾನೂರು ಸೈಕಲ್ಲುಗಳು, ಎದೆ ಗುದ್ದುವ ಹಾಗೆ ಹಾಡು, ಮೇಲೆ ಹಾರುವ ಕ್ಯಾಮೆರಾ. ನಾನು ಮೊದಲ ಸಾಲಿನಲ್ಲಿದ್ದೆ, ನಂಬರ್ ಒಂದು. ಸಮಿತಿಯ ಅಧ್ಯಕ್ಷರು ಅವಳಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲದ ತಟ್ಟೆ ಕೊಟ್ಟರು. ಸ್ಟೀಲ್ ತಟ್ಟೆ. ದೊಡ್ಡಮ್ಮ ಅದರ ಅಂಚು ತಿರುಗಿಸಿ ನೋಡಿದಳು, ಹೆಸರಿದೆಯಾ ಅಂತ. ಇರಲಿಲ್ಲ.

ಮೈಕು ಹಿಡಿದ ಹುಡುಗಿ ಕೂಗಿದಳು: "ಫ್ರೆಂಡ್ಸ್, ಇವರೇ ನಮ್ಮ ಟ್ರೇಲ್ ಅಜ್ಜಿ! ಅಜ್ಜಿ, ಎರಡು ಮಾತಾಡಿ."

ದೊಡ್ಡಮ್ಮ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಧ್ಯಕ್ಷರ ಕಡೆ ತಿರುಗಿ ಕೇಳಿದಳು.

"ಸ್ವಾಮೀ, ಇವಾಗ್ ನಾನ್ ಒಳೀಕ್ ಹೋಗ್ಬೋದಾ?"

ಜನ ಗೊಳ್ಳೆಂದು ನಕ್ಕರು. ಆಮೇಲೆ ಚಪ್ಪಾಳೆ, ಸಿಳ್ಳೆ. "ಅಜ್ಜೀನೂ ರೇಸಿಗೆ ರೆಡಿ!" ಅಂದಳು ಮೈಕಿನ ಹುಡುಗಿ. ಅಧ್ಯಕ್ಷರೂ ನಗುತ್ತಾ ಅವಳ ಬೆನ್ನು ತಟ್ಟಿ ಹಸಿರು ಬಾವುಟ ಎತ್ತಿಕೊಂಡರು.

ದೊಡ್ಡಮ್ಮ ನಗಲಿಲ್ಲ. ಅಷ್ಟು ಜನ ಚಪ್ಪಾಳೆ ತಟ್ಟಿದರಲ್ಲ, ಹೂಂ ಅಂದರು ಅಂತಲೇ ತಿಳಿದಳೋ ಏನೋ. ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಕಡೆ ನಡೆದಳು. ಕದರಯ್ಯ ಕೈ ಅಡ್ಡ ಹಿಡಿದ. ಅವಳು ಅಲ್ಲೇ, ದಾರಿಯ ಮಧ್ಯೆ ನಿಂತು, ನಾನೂರು ಹೆಲ್ಮೆಟ್ಟುಗಳ ನಡುವೆ ಹುಡುಕಿ ನನ್ನನ್ನು ನೋಡಿದಳು. ಹೇಳು ಅವರಿಗೆ, ನೀನಾದರೂ ಹೇಳು ಅನ್ನುವ ಹಾಗೆ.

ಬಾವುಟ ಇಳಿಯಿತು. ಹಿಂದಿನಿಂದ ನೂಕುತ್ತಿದ್ದರು. ಸ್ಟ್ಯಾಂಡಿಲ್ಲದ ಸೈಕಲ್ಲು, ನಿಲ್ಲಿಸಿ ಇಳಿಯಲು ಜಾಗವಿರಲಿಲ್ಲ ಅಂತ ಮನೆಯಲ್ಲಿ ಹೆಂಡತಿ ಸಂಧ್ಯಾಗೆ ಹೇಳಿದೆ. ಸುಳ್ಳು. ಕಾಲು ಊರಿದರೆ ಸಾಕಿತ್ತು.

"ದೊಡ್ಡಮ್ಮ, ಪಕ್ಕಕ್ಕೆ ಬಾ," ಅಂತ ನಾನೇ ಕೂಗಿದೆ.

ಅವಳು ಪಕ್ಕಕ್ಕೆ ಸರಿದಳು. ಸರಿಯುವಾಗ ನನ್ನ ಮುಂದಿನ ಗಾಲಿಗೆ ಅಡ್ಡ ಇದ್ದ ಒಂದು ಕಲ್ಲನ್ನು ಕಾಲಿನಿಂದ ಆಚೆಗೆ ತಳ್ಳಿದಳು.